ಒಂದೇ ಕೂಗು

ಆಗೆಲ್ಲ ಬೇಸಿಗೆ ರಜೆಯಲ್ಲಿ ಯಲ್ಲಾಪುರದ ಹೆದ್ದಾರಿಯೇ ನಮ್ಮ ಗಡಿಯಾರ. ಐದೂಕಾಲಿಗೆ ಹುಬ್ಬಳ್ಳಿ ಬಸ್ಸಿನ ಹಾರ್ನ್ ಕೇಳಿತೆಂದರೆ ಕಾಡಿನಿಂದ ಮನೆಗೆ ಹೊರಡಬೇಕು. ಅವತ್ತು ಹಾರ್ನ್ ಕೇಳಿದ ಕ್ಷಣದಲ್ಲೇ ತಂಗಿ ವಿದ್ಯಾ ತಿರುಗಿ ನೋಡಹೋಗಿ, ಹಿಂದೆಂದೋ ಮಣ್ಣು ತೆಗೆದು ಬಿಟ್ಟಿದ್ದ ಗುಂಡಿಯೊಳಗೆ ಜಾರಿಬಿದ್ದಳು.

ಗುಂಡಿ ಅವಳ ಎತ್ತರದ ಎರಡರಷ್ಟು ಆಳ. ಕಾಲು ಉಳುಕಿ ಊದಿಕೊಂಡಿತ್ತು. ನಾನು ಅಂಚಿನಲ್ಲಿ ಮಂಡಿಯೂರಿ ಬಗ್ಗಿ ಕೈ ಚಾಚಿದರೂ ಅವಳ ಬೆರಳು ಸಿಗುತ್ತಿರಲಿಲ್ಲ. ನನ್ನ ಲಂಗದ ತುಂಬ ಕವಳಿಹಣ್ಣು, ತುಟಿಗೆಲ್ಲ ಅದರ ಅಂಟು ಹಾಲು.

“ಬಿಟ್ಟು ಹೋಗ್ಬೇಡ್ವೇ ಅಕ್ಕಾ,” ಎಂದಳು. ಹೋಗಲಿಲ್ಲ.

ಬೆಳಕು ಇಳಿಯುತ್ತಿದ್ದಾಗ ದೂರದಲ್ಲಿ ಕೇಳಿತು: “ಕೂ!” ಒಂದೇ ಸಲ.

ಇಬ್ಬರೂ ಉಸಿರು ಬಿಗಿಹಿಡಿದೆವು. ನಮ್ಮ ಅಮ್ಮಮ್ಮ ಕಲಿಸಿದ್ದು ಅದನ್ನೇ. ಕಾಡಿನಲ್ಲಿ ಮನುಷ್ಯರಾದರೆ ಮೂರು ಸಲ ಕೂ ಹಾಕುತ್ತಾರೆ. ದೆವ್ವ ಒಂದೇ ಸಲ. ಒಂದೇ ಕೂಗಿಗೆ ಓಗೊಟ್ಟವರು ಮನೆ ಸೇರುವುದಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಮತ್ತೆ ಒಂದು ಕೂಗು. ಆಮೇಲೆ ಮತ್ತೊಂದು, ಇನ್ನೂ ದೂರದಿಂದ. ಆ ದನಿ ದೂರವಾದಷ್ಟೂ ನನಗೆ ಸಮಾಧಾನವಾಗುತ್ತಿತ್ತು. ಈಗಲೂ ಮೈ ನಡುಗುವುದು ಅದನ್ನು ನೆನೆದಾಗಲೇ.

ಗುಂಡಿಯೊಳಗಿಂದ ವಿದ್ಯಾ ಕೇಳಿದಳು: “ಪುಸ್ತಕದ ಹುಡುಗಿ ಎಂತ ಮಾಡಿದ್ಲೇ?”

ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ಯಾರೋ ಕಾರಿನವರು ಮರೆತು ಹೋಗಿದ್ದ ಪುಸ್ತಕ ಅದು. ರಟ್ಟು ಹರಿದು ಹೆಸರೇ ಇರಲಿಲ್ಲ. ಗ್ರೀಸಿನ ವಾಸನೆ ಮಾತ್ರ ಇತ್ತು. ಅದರಲ್ಲಿ ಬೆಟ್ಟದ ರಾಕ್ಷಸ ಕೂಗಿದರೆ ಊರೆಲ್ಲ ಬಾಗಿಲು ಹಾಕಿಕೊಳ್ಳುತ್ತದೆ. ಒಬ್ಬ ಹುಡುಗಿ ಮಾತ್ರ ಹೊರಗೆ ಬಂದು, “ನಾನು ಇಲ್ಲಿದ್ದೇನೆ, ನೀನು ಯಾರು?” ಎನ್ನುತ್ತಾಳೆ. ಪಾಪ, ರಾಕ್ಷಸ ದಾರಿ ತಪ್ಪಿ ಅಳುತ್ತಿರುತ್ತಾನೆ, ಅಷ್ಟೇ.

ನಾನು ಎದ್ದು ನಿಂತೆ. ಹಣ್ಣೆಲ್ಲ ನೆಲಕ್ಕೆ ಚೆಲ್ಲಿತು. ಕಣ್ಣು ಮುಚ್ಚಿ ಕಿರುಚಿದೆ: “ನಾವು ಇಲ್ಲಿದ್ದೇವೆ! ನೀನು ಯಾರು?”

 ಕಾಡು ಗುಡುಗಿತು:

“ಯಾರಂದ್ರ? ನಿಮ್ಮಪ್ಪ!”

ಅಪ್ಪ ಬನವಾಸಿ ಕಡೆಯ ಬಯಲಿನವರು. ಮೂರು ಕೂಗಿನ ನೇಮ ಅವರಿಗೆ ಗೊತ್ತೇ ಇರಲಿಲ್ಲ. ಪಂಚೆ ಬಿಚ್ಚಿ ಗುಂಡಿಗೆ ಇಳಿಬಿಟ್ಟು, ಚಡ್ಡಿಯಲ್ಲೇ ಕೂತು ತಂಗಿಯನ್ನು ಎಳೆದು ಹೆಗಲಿಗೇರಿಸಿಕೊಂಡರು. ಪೇಟೆ ಬೀದಿಯಲ್ಲಿ ನಮ್ಮದು ಮೆರವಣಿಗೆ. ಮೇಲೆ ಕೂತ ವಿದ್ಯಾ ಸಿಕ್ಕಸಿಕ್ಕವರಿಗೆಲ್ಲ, “ಅಕ್ಕ ದೆವ್ವಕ್ಕೆ ಜೋರು ಮಾಡಿದ್ಲು!” ಎಂದು ಸಾರುತ್ತಿದ್ದಳು.

ಅಮ್ಮಮ್ಮ ಅಳಿಯನನ್ನು ಬಾಗಿಲಲ್ಲೇ ತಡೆದರು. “ಮೂರು ಸರ್ತಿ ಕೂಗೂಕೆ ಬಾಯಿ ಸವೀತಿತ್ತಾ ನಿಮಗೆ?”

“ಕೂಗಿಕೋತನ ಇದ್ರ ಅವರ ದನಿ ಕೇಳೂದು ಯಾವಾಗ್ರಿ ಅತ್ತಿ?”

ಅಮ್ಮಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಅಪ್ಪನಿಗೆ ಅದೂ ಅಪರೂಪದ ಗೆಲುವೇ.

ಮೊನ್ನೆ ಆ ಪುಸ್ತಕವನ್ನು ಮತ್ತೆ ಓದಿದೆ. ಆ ಹುಡುಗಿಗೆ ಭಯವೇ ಇರಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಪುಟ ತೆರೆದರೆ ಅವಳೂ ಹೆದರಿ, ಕಣ್ಣು ಮುಚ್ಚಿಕೊಂಡೇ ಕೇಳುತ್ತಾಳೆ. ನನ್ನ ಹಾಗೆಯೇ! ನಾನು ಓದಿದ್ದು ಕಾಲೇಜಿನವರೆಗೆ, ದುಡಿದದ್ದು ನಾಲ್ಕಾರು ಊರಲ್ಲಿ. ಹೆದರಿಸಿದ್ದನ್ನು ಹೆಸರು ಕೇಳಿ ಮಾತಾಡಿಸಬೇಕು ಎಂಬುದಕ್ಕಿಂತ ದೊಡ್ಡ ಪಾಠ ಎಲ್ಲೂ ಸಿಗಲಿಲ್ಲ.

ಈಗ ಆ ಗುಂಡಿ ಮುಚ್ಚಿದೆ, ಮೇಲೆ ಲಾರಿಗಳು ನಿಲ್ಲುತ್ತವೆ. ಮಕ್ಕಳನ್ನು ಫೋನಿನಲ್ಲಿ ಕರೆಯುತ್ತಾರೆ. ಅಪ್ಪ ಇಲ್ಲ. ಆ ದನಿಗೆ ಇನ್ನೊಮ್ಮೆ “ಯಾರು?” ಎನ್ನಲು ಏನು ಬೇಕಾದರೂ ಕೊಟ್ಟೇನು.

ಆ ಬೇಸಿಗೆಯಿಡೀ ನಾವಿಬ್ಬರೂ ರಾತ್ರಿ ಬೆಚ್ಚಿ ಏಳುತ್ತಿದ್ದೆವು. ಎದ್ದಾಗಲೆಲ್ಲ ಆ ಪುಟವನ್ನೇ ಓದುವುದು. “ನೀನು ಯಾರು?” ಎಂದು ನಾನು, “ನಿಮ್ಮಪ್ಪ!” ಎಂದು ಅವಳು. ಶಾಲೆ ತೆರೆಯುವ ಹಿಂದಿನ ರಾತ್ರಿ ಪುಸ್ತಕ ತಲೆದಿಂಬಿನಡಿಯೇ ಉಳಿಯಿತು. ಬೆಳಿಗ್ಗೆ ನಮ್ಮನ್ನು ಎಬ್ಬಿಸಲು ಅಪ್ಪ ಹಾಸಿಗೆ ಪಕ್ಕ ನಿಂತು ಕೂ ಹಾಕಬೇಕಾಯಿತು.

ಮೂರು ಸಲ.