ಏಕಾದಶಿಯ ದಿನ ಬೆಂದ ಅನ್ನ

ಈಗ ಮಧ್ಯಾಹ್ನ ಎರಡು ಗಂಟೆ ಸ್ನೇಹಿತರೇ. ಇವತ್ತು ಏಕಾದಶಿ. ನ್ಯೂ ಟೌನ್‌ನಿಂದ ಸೋದರತ್ತೆ ಅಣ್ಣನಿಗೆಂದು ಎಳನೀರು, ಬಾಳೆಹಣ್ಣು ತಂದಿದ್ದರು. ಅಣ್ಣನಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿದೆ. ಅನ್ನ ಉಣ್ಣಬಹುದು, ಇವೆರಡು ಮಾತ್ರ ಕೂಡದು, ಇವುಗಳಿಂದ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು ಎಂದು ಡಾಕ್ಟರು ಹೇಳಿದ್ದಾರೆ.

"ಏಕಾದಶಿ ದಿನ ಅನ್ನವಾ ಮಾರಾಯ್ತಿ? ಎಳನೀರು ಕುಡಿದು ಸತ್ತೋರನ್ನ ನಾನಂತೂ ನೋಡಿಲ್ಲ" ಅಂದರು ಅತ್ತೆ.

"ಅಪ್ಪನ್ನ ನೋಡಿದ್ರಲ್ಲ ಅತ್ತೆ" ಅಂದೆ.

ಅಪ್ಪನಿಗೂ ಇದೇ ಕಾಯಿಲೆ ಇತ್ತು. ಹೋದ ವರ್ಷ ಏಕಾದಶಿಯಂದು, ಉಪವಾಸಕ್ಕೆ ಎಳನೀರು ತಾನೇ, ಏನಾಗುತ್ತೆ ಅಂದುಕೊಂಡು ಎರಡು ಲೋಟ ಕೊಟ್ಟವಳು ನಾನೇ. ಅವತ್ತು ಸಂಜೆಯೇ ಹೋದರು.

ಅಮ್ಮ ಎದ್ದು ಹೋಗಿ ಅನ್ನಕ್ಕಿಟ್ಟರು. ಅವರು ಮದುವೆಯಾಗಿ ಬಂದಮೇಲೆ ನಮ್ಮ ಮನೆಯಲ್ಲಿ ಏಕಾದಶಿಯಂದು ಅನ್ನ ಬೆಂದದ್ದು ಇದೇ ಮೊದಲು.

"ಉಣ್ಣೋ. ಪಾಪ ಬಂದ್ರೆ ನಂಗೆ ಬರ್ಲಿ" ಅಂದರು ಅಮ್ಮ, ಅಣ್ಣನ ಮುಂದೆ ತಟ್ಟೆ ಇಟ್ಟು.

ಅಣ್ಣ ಗೋಡೆಯ ಕಡೆ ತಿರುಗಿ ಕೂತು ಉಂಡ. ಬಾಳೆಹಣ್ಣಿಗೆ ಹೆದರುವ ಸಸ್ಯಾಹಾರಿಗಳು ನಾವು.

ನಾಳೆ ದ್ವಾದಶಿ. ಬೆಳಿಗ್ಗೆ ಆರಕ್ಕೆ ಅಣ್ಣನನ್ನು ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕು. ನಾವು ವಾಪಸು ಬರುವವರೆಗೆ ಅಮ್ಮ ಉಪವಾಸ ಬಿಡುವುದಿಲ್ಲವಂತೆ.