ಚಾಂದಬಿಯ ನಾಲಿಗೆ ಮತ್ತು ಎರಡು ಕಾಗದದ ಚೂರು

ಸವಣೂರಿನ ಆ ಓಣಿಯಲ್ಲಿ ಮದುವೆ ಯಾರದೇ ಇರಲಿ, ಬಿರಿಯಾನಿಯ ಎಸರು ಕುದಿಯತೊಡಗಿದರೆ ಅಡುಗೆಯವನ ಕಣ್ಣು ಬಾಗಿಲ ಕಡೆಗೇ. ಚಾಂದಬಿ ಬರಬೇಕು, ಸೌಟಿನಿಂದ ಎರಡು ಹನಿ ಅಂಗೈಗೆ ಹಾಕಿಸಿಕೊಂಡು ನೆಕ್ಕಬೇಕು, ಕಣ್ಣು ಮುಚ್ಚಬೇಕು, ತಲೆಯಾಡಿಸಬೇಕು. ಆಮೇಲೆಯೇ ಅಕ್ಕಿ ಬೀಳುವುದು. ಅರವತ್ತೆಂಟರ ಈ ಮುದುಕಿಯನ್ನು ಯಾರೂ ಆ ಹುದ್ದೆಗೆ ನೇಮಿಸಿರಲಿಲ್ಲ. ಮೂವತ್ತು ವರ್ಷದ ಹಿಂದೆ ಯಾವುದೋ ನಿಕಾಹದಲ್ಲಿ ಉಪ್ಪು ಎರಡು ಸಲ ಬಿದ್ದದ್ದನ್ನು ಹಿಡಿದಳು, ಮುನ್ನೂರು ಜನರ ಊಟ ಉಳಿಯಿತು, ಅಷ್ಟೇ. ಆಮೇಲೆ ಆಕೆಯ ಗತ್ತು ಏನು ಕೇಳುತ್ತೀರಿ! ಯಾರ ಮನೆಯ ಚಹಾ ಕುಡಿದರೂ ಒಂದು ಕೊಂಕು ಹುಡುಕದೆ ಕಪ್ಪು ಕೆಳಗಿಡುವವಳಲ್ಲ. ಹಿತ್ತಲ ಮನೆಯ ಶಾಕೀರಾ ಮಾತ್ರ ಆ ಸೌಟು ತನ್ನ ಕೈಗೆ ಯಾವಾಗ ಬಂದೀತೋ ಎಂದು ಹತ್ತು ವರ್ಷದಿಂದ ಕಾಯುತ್ತಿದ್ದಳು.

ಚಾಂದಬಿಯ ಮೊಮ್ಮಗಳು ಮಾಹೀರಾ ಮೈಸೂರಿಗೆ ಹೋಗಿ ಬಿ.ಎಸ್ಸಿ.ಯಲ್ಲಿ ಮಾಲಿಕ್ಯುಲರ್ ಮೆಡಿಸಿನ್ ಹಿಡಿದಾಗ ಓಣಿಗೆ ತಲೆಬುಡ ತಿಳಿಯಲಿಲ್ಲ. ಮೆಡಿಸಿನ್ ಅಂದಮೇಲೆ ಡಾಕ್ಟರೇ ಎಂದು, ರಜೆಗೆ ಬಂದ ಹುಡುಗಿಯ ಮುಂದೆ ವೀಳ್ಯದೆಲೆ ಮಾರುವ ಗುತ್ತೆವ್ವ ಮೊಣಕಾಲು ಚಾಚಿ ಕುಳಿತೇಬಿಟ್ಟಳು.

"ನಾ ಡಾಕ್ಟರ್ ಅಲ್ಲಬೇ ಆಯಿ. ರೋಗ ಮೈಯಾಗಿನ ಸಣ್ಣ ಸಣ್ಣ ಕಣದಾಗ ಹೆಂಗ ಹುಟ್ತೈತಿ ಅಂತ ಓದಾಕತ್ತೇನಿ."

"ಹಂಗಾರ ನನ್ನ ಮೊಣಕಾಲಾಗಿನ ಕಣಾನ ನೋಡ. ಯಾರು ಬ್ಯಾಡ ಅಂದಾರ?"

ಅಲ್ಲಿಂದ ಮುಂದೆ ವಿವರಿಸುವ ಕೆಲಸವನ್ನು ಚಾಂದಬಿಯೇ ವಹಿಸಿಕೊಂಡಳು. "ಡಾಕ್ಟರ್ ನೆಗಡಿ ಬಂದ ಮ್ಯಾಲ ನೋಡ್ತಾನ. ನಮ್ಮ ಹುಡುಗಿ ನೆಗಡಿ ಹುಟ್ಟೂ ಜಾಗಾಕ್ಕ ಮೊದಲ ಹೋಗಿ ಕುಂತಿರ್ತಾಳ" ಎನ್ನುವಳು. ಕೇಳಿದವರು ಹೌದ್ಹೌದು ಎಂದು ಎದ್ದು ಹೋಗುವರು.

ಎರಡನೆಯ ವರ್ಷದ ರಜೆಗೆ ಮಾಹೀರಾ ಒಂದು ಡಬ್ಬಿ ತುಂಬ ಕಾಗದದ ಚೂರು ತಂದಳು. ಅವಕ್ಕೆ ಒಂದು ಬಗೆಯ ರಾಸಾಯನಿಕ ಸವರಿದ್ದರು. ನಾಲಿಗೆಯ ಮೇಲಿಟ್ಟರೆ ಕೆಲವರಿಗೆ ಕಡು ಕಹಿ, ಕೆಲವರಿಗೆ ಏನೂ ಇಲ್ಲ. ತಂದೆತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಗುಣವದು. ಮನೆಯ ಮೂರು ತಲೆಮಾರಿನವರ ನಾಲಿಗೆ ನೋಡಿ ವಂಶದ ನಕ್ಷೆ ಬರೆದು ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು, ಅದಕ್ಕೆ ಅಂಕವಿತ್ತು. ಅಜ್ಜ ಬಂದೇಸಾಬ ತೀರಿಹೋಗಿದ್ದರಿಂದ ತಂದೆಯ ಕಡೆಯ ಮೊದಲ ತಲೆಮಾರಿಗೆ ಉಳಿದವಳು ಚಾಂದಬಿಯೊಬ್ಬಳೇ.

ನಾಲಿಗೆಯ ಪರೀಕ್ಷೆ ಅಂದರೆ ಸುಮ್ಮನೆಯೇ? ರವಿವಾರ ಸಂಜೆ ಓಣಿಯ ಹೆಂಗಸರೆಲ್ಲ ಅಂಗಳಕ್ಕೆ ಬಂದರು. ಶಾಕೀರಾ ಎಲ್ಲರಿಗಿಂತ ಮುಂದೆ ಕುಳಿತಳು. ಮಾಹೀರಾ ಒಬ್ಬೊಬ್ಬರಿಗೂ ಎರಡೆರಡು ಚೂರು ಕೊಟ್ಟಳು. ಅಪ್ಪ ತನ್ವೀರ ಒಂದಕ್ಕೆ ಸುಮ್ಮನಿದ್ದ, ಇನ್ನೊಂದಕ್ಕೆ ಥೂ ಎಂದು ಉಗುಳಿ ಅಂಗಳದ ತುದಿಗೆ ಓಡಿದ. ತಾಯಿ ಮುನವ್ವರಾ ಮೂರು ಸಲ ಬಾಯಿ ಮುಕ್ಕಳಿಸಿದಳು. ಕೊನೆಗೆ, ದೊಡ್ಡವರು ಕೊನೆಗೇ ಬರಬೇಕೆಂಬ ಠೀವಿಯಲ್ಲಿ, ಚಾಂದಬಿ ನಾಲಿಗೆ ಚಾಚಿದಳು.

ಏನೂ ಹತ್ತಲಿಲ್ಲ. ನಾಲಿಗೆಯನ್ನು ಅಂಗುಳಿಗೆ ಒತ್ತಿದಳು, ಹೊರಳಿಸಿದಳು. ಬರೀ ಕಾಗದ! ಶುಕ್ರವಾರ ಇದೇ ಓಣಿಯ ಇಮ್ರಾನನ ಮದುವೆಯ ಊಟ, ಐನೂರು ಜನ. ಎದುರಿಗೆ ಶಾಕೀರಾ ಕಣ್ಣು ಮಿಟುಕಿಸದೆ ಕೂತಿದ್ದಾಳೆ.

"ಅಯ್ಯಯ್ಯೋ ಕಹಿ!" ಎಂದು ಚಾಂದಬಿ ಮುಖವನ್ನು ಹುಣಸೆ ತಿಂದವಳಂತೆ ಹಿಂಡಿದಳು. ಎರಡನೆಯದಕ್ಕಂತೂ ಎದೆ ಬಡಿದುಕೊಂಡಳು. "ಯಾ ಅಲ್ಲಾ! ಇದು ಅದಕ್ಕಿಂತ ಜಾಸ್ತಿ!"

"ನನಗ ಒಂದರಾಗ ಏನೂ ಇರಲಿಲ್ಲಲಾ?" ಎಂದು ಮುನವ್ವರಾ ಮಗಳನ್ನು ಕೇಳಿದಳು. ಬರೆಯುವ ಗಡಿಬಿಡಿಯಲ್ಲಿದ್ದ ಮಾಹೀರಾ ತಲೆ ಎತ್ತದೆ ಹೇಳಿಬಿಟ್ಟಳು: "ಎಲ್ಲಾರಿಗೂ ಒಂದು ಬರೀ ಕಾಗದ ಕೊಟ್ಟಿರ್ತೇನಿ ಅಮ್ಮಿ. ಯಾರು ಖರೇ ಹೇಳ್ತಾರ, ಯಾರು ಸುಳ್ಳ ಹೇಳ್ತಾರ ತಿಳೀಲಿ ಅಂತ."

ಶಾಕೀರಾ ಮೆಲ್ಲಗೆ ಕೇಳಿದಳು. "ಹಂಗಾರ ನಮ್ಮ ಚಾಂದಬಿ ಅಕ್ಕಾರಿಗೆ ಬರೀ ಕಾಗದನೂ ಕಹಿ ಹತ್ತತೈತೇನ?"

ಮಾಹೀರಾ ಅಜ್ಜಿಯ ಮುಖ ನೋಡಿದಳು. ಆ ಮುಖದಲ್ಲಿ ರಕ್ತವಿರಲಿಲ್ಲ. "ಇಲ್ರಿ, ನಂದ ತಪ್ಪು. ಕಾಗದ ಅದಲುಬದಲು ಮಾಡಿದೆ" ಎಂದಳು. ಹೆಂಗಸರು ನಗುತ್ತ ಎದ್ದರು. ಮರುದಿನ ನೀರು ತುಂಬುವ ಹೊತ್ತಿಗೆ ಶಾಕೀರಾಳ ಹೊಸ ಮಾತು ಓಣಿಯಲ್ಲಿ ಓಡಾಡುತ್ತಿತ್ತು: "ಮೈಸೂರಿಗೆ ಹೋಗಿ ಓದ್ತಾಳಂತ, ಎರಡು ಕಾಗದ ನೆಟ್ಟಗ ಇಟ್ಕೊಳ್ಳಾಕ ಬರವಲ್ದು! ಇಂಥಾಕಿ ನಾಳೆ ಔಷಧಾ ಕೊಟ್ರ ಗತಿ ಏನಪಾ?"

ಆ ಮಾತು ಚಾಂದಬಿಯ ಕಿವಿಗೂ ಬಿತ್ತು. ಸಿಟ್ಟು ಶಾಕೀರಾಳ ಮೇಲೆ ಬಂದರೂ ನಾಚಿಕೆ ತನ್ನದೇ ಆಗಿತ್ತು. ಅಡುಗೆಮನೆಯಲ್ಲಿ ನಕ್ಷೆ ಹರಡಿಕೊಂಡು ಕೂತಿದ್ದ ಮೊಮ್ಮಗಳ ಪಕ್ಕ ಹೋಗಿ ಕುಳಿತಳು.

"ಇದರಾಗ ನಾ ಎಲ್ಲಿ ಅದೇನಿ?"

"ಮ್ಯಾಲ. ಇದ ನೋಡ, ಗುಂಡು."

"ಈ ಸೊನ್ನಿ? ಅರವತ್ತೆಂಟು ವರ್ಷ ಜೀವ ತೇದಿದ್ದಕ್ಕ ಸೊನ್ನಿ?"

"ಸೊನ್ನಿ ಅಲ್ಲ ದಾದಿಮಾ. ಗಂಡಸರಿಗೆ ಚೌಕ, ಹೆಂಗಸರಿಗೆ ಗುಂಡು. ಕಹಿ ಹತ್ತದವರಿಗೆ ಕರೀ ಬಣ್ಣ ತುಂಬೂದು."

ಚಾಂದಬಿಯ ಗುಂಡು ಖಾಲಿ ಇತ್ತು. ತನ್ವೀರ, ಮುನವ್ವರಾ ಇಬ್ಬರದೂ ಖಾಲಿ. ಎಲ್ಲರ ಕೆಳಗೆ ಒಂದೇ ಒಂದು ಕರೀ ಗುಂಡಿತ್ತು.

"ಅದು ಯಾರದು?"

"ನಂದು." ಮಾಹೀರಾಗೆ ನಗು ತಡೆಯಲಾಗಲಿಲ್ಲ. "ಕ್ಲಾಸಿನಾಗ ಎಲ್ಲಾರೂ ಥೂ ಅಂದ್ರು, ನಾನೂ ಥೂ ಅಂದೆ. ಆಮ್ಯಾಲ ಬರೀ ಕಾಗದ ಕೊಟ್ರು. ಅದಕ್ಕ ಇನ್ನೂ ಜೋರಾಗಿ ಥೂ ಅಂದೆ."

"ಹೌದಾ! ಮುಂದ?"

"ಎಂಟು ದಿನ ನಕ್ರು. ಆಮ್ಯಾಲ ಇನ್ನೂ ಮೂರು ಮಂದಿ ಬಂದು ನಮಗೂ ಹತ್ತಿಲ್ಲ ಅಂದ್ರು. ಅಬ್ಬಾಗ ಕಹಿ ಹತ್ತತೈತಿ, ಅಮ್ಮಿಗೂ ಹತ್ತತೈತಿ. ಇಂಥಾ ಗುಣ ಒಂದು ತಲಿಮಾರಿನಾಗ ಅಡಗಿ ಕುಂತು ಮುಂದಿನದರಾಗ ಕಾಣತೈತಿ. ನನಗ ಇದು ಎಲ್ಲಿಂದ ಬಂತು ಅಂತ ಹುಡುಕೂದ ನನ್ನ ಲೆಕ್ಕ ದಾದಿಮಾ. ನೀ ಸುಳ್ಳ ಹೇಳಿದ್ರ ನಾ ಎಲ್ಲಿ ಅಂತ ಹುಡುಕಲಿ?"

ಚಾಂದಬಿ ಆ ಕರೀ ಗುಂಡಿನ ಮೇಲೆ ಬೆರಳಿಟ್ಟಳು. ಮೊಮ್ಮಗಳ ಮೂಗು ಸೊಸೆಯದು, ಬಣ್ಣ ಮಗನದು, ತನ್ನದು ಅಂತ ಏನೂ ಇಲ್ಲವಲ್ಲ ಎಂದು ಹುಡುಗಿ ಹುಟ್ಟಿದಂದಿನಿಂದ ಆಕೆಗೆ ಒಳಗೊಳಗೇ ಬೇಜಾರಿತ್ತು. "ನನ್ನ ಗುಂಡಿಗೂ ಬಣ್ಣ ತುಂಬವಾ!" ಎಂದಳು. "ನನಗ ಏನೂ ಹತ್ತಿಲ್ಲ. ಎರಡೂ ಬರೀ ಕಾಗದ."

ಶುಕ್ರವಾರ ಇಮ್ರಾನನ ಮನೆಯ ಹಿಂದೆ ಮೂರು ಹಂಡೆಯಲ್ಲಿ ಎಸರು ಕುದಿಯುತ್ತಿತ್ತು. ಅಡುಗೆಯ ಹಯಾತ ಸೌಟು ಹಿಡಿದು ನಿಂತಿದ್ದ. ಚಾಂದಬಿ ಬಂದಳು. ಅಂಗೈ ಮಾತ್ರ ಚಾಚಲಿಲ್ಲ. ಶಾಕೀರಾ ಸೇರಿದಂತೆ ನೆರೆದವರೆಲ್ಲ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡಳು.

"ಎಲ್ಲಾರೂ ಕೇಳ್ರಿ. ನನ್ನ ಮೊಮ್ಮಗಳು ಕಾಗದ ಅದಲುಬದಲು ಮಾಡಿಲ್ಲ. ಆಕಿ ಓದು ನೆಟ್ಟಗ ಐತಿ, ಸುಳ್ಳ ಹೇಳಿದಾಕಿ ನಾನು. ಆ ಕಾಗದದ ಕಹಿ ನನ್ನ ನಾಲಿಗಿಗೆ ಹತ್ತಂಗಿಲ್ಲ, ಹುಟ್ಟಿದಾಗಿಂದ ಹತ್ತಂಗಿಲ್ಲ. ಸೌಟು ಇನ್ನ ಯಾರಿಗೆ ಬೇಕು ಅವರಿಗೆ ಕೊಡ್ರಿ."

ಶಾಕೀರಾಳ ಕೈ ಆಗಲೇ ಅರ್ಧ ಮುಂದೆ ಬಂದಿತ್ತು. ಹಯಾತ ಚಾಂದಬಿಯನ್ನು ನೋಡಿದ, ಹಂಡೆಯನ್ನು ನೋಡಿದ, ನೆನೆಸಿಟ್ಟ ಅಕ್ಕಿಯ ಬುಟ್ಟಿಗಳನ್ನು ನೋಡಿದ. ಅವನಿಗೆ ರೇಗಿಹೋಯಿತು.

"ಆಪಾ, ಇಷ್ಟ ವರ್ಷದಾಗ ನಾ ಎಂದರ ಬಿರಿಯಾನ್ಯಾಗ ಕಾಗದ ಹಾಕೇನೇನ್ರಿ? ಮೊದಲ ಉಪ್ಪ ನೋಡ್ರಿ!"