ಎಡಭುಜದ ಹಿಂದಿನ ಸೊಲ್ಲು

ಗಲೀಜು ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಫ್ಯಾನಿನ ಗುಂಯ್‌ಗುಟ್ಟುವಿಕೆ, ಪಕ್ಕದ ಮನೆಯ ಕುಕ್ಕರಿನ ಸೀಟಿ, ಹಾಡಿನ ನಡುವೆ ಯಾರೋ ಗಂಟಲು ಸರಿಮಾಡಿಕೊಳ್ಳುವುದು, ಇವನ್ನು ಹುಡುಕಿ ಹುಡುಕಿ ಅಳಿಸುವುದರಲ್ಲಿ ನನ್ನಂಥ ಗಟ್ಟಿಗಿತ್ತಿ ಈ ಜಿಲ್ಲೆಯಲ್ಲೇ ಇಲ್ಲ ಎಂಬ ಜಂಬ ನನಗಿತ್ತು. ಆ ಜಂಬವನ್ನು ಅರಕೆರೆಯ ಒಬ್ಬ ಅಜ್ಜಿ ಮೂರೇ ಮಾತಿನಲ್ಲಿ ಇಳಿಸಿಬಿಟ್ಟರು.

ನನ್ನ ಸ್ಟುಡಿಯೋ ಇರುವುದು ಪಾಂಡವಪುರದಲ್ಲಿ, ಅಪ್ಪನ ಮರಗೆಲಸದ ಮಳಿಗೆಯ ಮಹಡಿಯಲ್ಲಿ. ಹಾಡನ್ನು ಎದುರಿನಿಂದ ಮಾತ್ರವಲ್ಲ, ಸುತ್ತಲಿನಿಂದಲೂ ತಲೆಯ ಮೇಲಿನಿಂದಲೂ ಕೇಳಿಸುವಂತೆ ಹದ ಮಾಡಿಕೊಡುವುದು ನನ್ನ ಕಸುಬು. ಅದಕ್ಕಾಗಿ ಕುರ್ಚಿಯ ಸುತ್ತ ಏಳು ಸ್ಪೀಕರು, ಸೂರಿಗೆ ನಾಲ್ಕು, ದಪ್ಪ ಸದ್ದಿಗೆಂದು ಮೂಲೆಯಲ್ಲೊಂದು. ಸ್ಟ್ಯಾಂಡುಗಳೆಲ್ಲ ಅಪ್ಪನ ಕೈಕೆಲಸ. "ಸೂರಿಂದ ಯಾರು ಹಾಡ್ತಾರಮ್ಮಿ, ಹಲ್ಲಿನಾ?" ಎಂದು ಗೇಲಿ ಮಾಡುತ್ತಲೇ ಒಂದೊಂದನ್ನೂ ಕೂದಲೆಳೆ ಆಚೀಚೆ ಆಗದಂತೆ ನಿಲ್ಲಿಸಿಕೊಟ್ಟಿದ್ದ.

ಬೆಂಗಳೂರಿನ ಒಂದು ಸಂಗೀತದ ಕಂಪನಿ ಅರಕೆರೆಯ ಹೆಂಗಸರ ಸೋಬಾನೆ ಪದಗಳನ್ನು ಮಾಡಿಕೊಡಲು ಹೇಳಿತ್ತು. ಅವರದೇ ಮನೆಯ ಪಡಸಾಲೆಯಲ್ಲಿ ಕೂರಿಸಿ ಹಾಡಿಸಿ, ಮುದ್ರಿಸಿಕೊಂಡು ಬಂದೆ. ಮುಂದಾಳು ಗಾಯಕಿ ಆ ಮನೆಯ ಸೊಸೆ, ಕೆ.ಆರ್. ಪೇಟೆ ಕಡೆಯವರು. ದನಿ ಎತ್ತಿದರೆ ಬೀದಿಯಾಚೆಯ ಗದ್ದೆಯವರೆಗೂ ಹೋಗುವ ಗಂಟಲು. ಹಿಂದೆ ಐವರು ಸೊಲ್ಲು ಕೂಡಿಸುವವರು. ಸೊಸೆಯ ಎಡಭುಜದ ಹಿಂದೆ ಒತ್ತಿಕೊಂಡಂತೆ ಅವರ ಅತ್ತೆ, ನಾನು ಹೇಳಿದ ಆ ಅಜ್ಜಿ.

ಪದಗಳೆಲ್ಲ ಈ ಅತ್ತೆಯವೇ. ನಾಗಮಂಗಲದ ಕಡೆಯಿಂದ ಮದುವೆಯಾಗಿ ಬಂದಾಗ ರಾಗಿಯ ಸೀಮೆಯಿಂದ ಭತ್ತದ ಸೀಮೆಗೆ ಹೊತ್ತು ತಂದವು. ಆದರೆ ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಹೋಗಿಬಿಟ್ಟಿತ್ತು, ಉಳಿದದ್ದು ಪಿಸುಮಾತು ಮಾತ್ರ. ಅಂದಿನಿಂದ ಅವರದು ಹಾಡು ಎತ್ತಿಕೊಡುವ ಕೆಲಸ. ಒಂದು ಸಾಲು ಮುಗಿಯುವ ಮುಂಚೆಯೇ ಮುಂದಿನ ಸಾಲಿನ ಮೊದಲ ಪದವನ್ನು ಸೊಸೆಯ ಕಿವಿಯಲ್ಲಿ ಹಾಕುವುದು. ಎತ್ತಿಕೊಡುವವರು ಎಂದೂ ಮುಂದೆ ಕೂರುವುದಿಲ್ಲ, ಯಾವಾಗಲೂ ಎಡಭುಜದ ಹಿಂದೆ. "ದೇವ್ರು ಗಂಟ್ಲ ನಂಗೆ ಕೊಟ್ಟವ್ನೆ, ಗ್ಯಾಪಕ ನಮ್ಮತ್ತೆ ತಾವು ಮಡಗವ್ನೆ" ಎಂದು ಸೊಸೆ ನಗುತ್ತಿದ್ದರು.

ನಾನು ಇದನ್ನೆಲ್ಲ ಕಣ್ಣಾರೆ ಕಂಡೆ. ಕಂಡೂ ಏನು ಮಾಡಿದೆ? ಸ್ಟುಡಿಯೋಗೆ ಬಂದು ಆರೂ ಹೆಂಗಸರನ್ನು ನಾಟಕದ ಸ್ಟೇಜಿನ ಮೇಲೆ ನಿಲ್ಲಿಸಿದಂತೆ ಎದುರುಗಡೆ ಸಾಲಾಗಿ ಇಟ್ಟೆ. ಸಾಲು ಸಾಲಿನ ನಡುವೆ ಬರುತ್ತಿದ್ದ ಪಿಸುಪಿಸುವನ್ನು ಫ್ಯಾನಿನ ಸದ್ದಿನ ಜೊತೆಗೇ ಗುಡಿಸಿ ಹಾಕಿದೆ. ನಾನು ಕಲಿತದ್ದು ಮದುವೆ ಆರ್ಕೆಸ್ಟ್ರಾಗಳಲ್ಲಿ. ಅಲ್ಲಿ ಜೋರಿದ್ದರೇ ಚೆಂದ. ಅದೇ ಚಾಳಿಯಲ್ಲಿ ಸಣ್ಣ ದನಿ ದೊಡ್ಡ ದನಿಯನ್ನೆಲ್ಲ ಅದುಮಿ ಒಂದೇ ಮಟ್ಟ ಮಾಡಿ ಜೋರಾಗಿ ಕಳಿಸಿದೆ.

ಎರಡೇ ದಿನದಲ್ಲಿ ವಾಪಸು ಬಂತು. ಸುತ್ತಲಿನಿಂದ ಕೇಳಿಸುವ ಈ ಬಗೆಯ ಮುದ್ರಿಕೆಗೆ ಜೋರಿನ ಮಿತಿಯೊಂದಿದೆ. ಇಡೀ ಹಾಡಿನ ಸರಾಸರಿ ಜೋರು ಮೀಟರಿನಲ್ಲಿ ಮೈನಸ್ ಹದಿನೆಂಟನ್ನು ದಾಟಬಾರದು. ನನ್ನದು ಅದಕ್ಕಿಂತ ಜೋರು, ಮೈನಸ್ ಹದಿನಾಲ್ಕಿತ್ತು. "ಮೇಡಂ, ಇವತ್ತು ಸಂಜೆ ಆರರೊಳಗೆ ಸರಿಮಾಡಿ ಕಳಿಸಿ, ಆಮೇಲೆ ತಗೊಳ್ಳೋಕಾಗಲ್ಲ" ಎಂದು ಕಂಪನಿಯವರು ಫೋನಿಟ್ಟರು. ಅಷ್ಟು ಸಪ್ಪೆ ಮಾಡಿದರೆ ಹಾಡು ಯಾರಿಗೆ ಕೇಳಿಸೀತು ಎಂದು ಬೈದುಕೊಳ್ಳುತ್ತಿದ್ದಾಗಲೇ ಅತ್ತೆ ಸೊಸೆ ಇಬ್ಬರೂ ಬಂದರು. ಹಾಡು ಕೇಳಬೇಕೆಂದು ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿಕೊಂಡು ಬಂದಿದ್ದರು. ಆಗ ಮಧ್ಯಾಹ್ನ ಎರಡು ದಾಟಿತ್ತು.

ಅಜ್ಜಿಯನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಹಾಡು ಹಾಕಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದಮೇಲೆ ನನ್ನ ಕೈ ಮುಟ್ಟಿ ಪಿಸುಗುಟ್ಟಿದರು. "ಚೆಂದಾಗದೆ ಕಣವ್ವ. ಎಲ್ರೂ ಅವ್ರೆ. ನಾನಿಲ್ಲ."

ದೂರಿನ ದನಿಯಲ್ಲ ಅದು. ಅದಕ್ಕೇ ಹೆಚ್ಚು ಚುಚ್ಚಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ? "ಅಜ್ಜಿ, ನೀವು ಹಾಡೇ ಇಲ್ವಲ್ಲ" ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಸೊಸೆಯ ಮುಖ ಕೆಂಪಗಾಯಿತು. "ನಮ್ಮತ್ತೆ ಎತ್ಕೊಡ್ದೆ ನಾನು ಒಂದು ಸೊಲ್ಲೂ ಏಳ್ದೋಳಲ್ಲ. ನೀನು ಇಂಗೇ ಕಳಿಸ್ಬುಟ್ರೆ, ಪದ ಎಲ್ಲಾ ನನ್ನ ತಲೇಲೇ ಅವೆ ಅಂತ ಕೇಳ್ದೋರು ನಂಬ್ತಾರೆ. ಸುಳ್ಳಲ್ವೇನವ್ವ ಅದು? ಇವ್ರಿಗೆ ಇರೋದೇ ಅಷ್ಟು ದನಿ. ಅದ್ನೂ ಅಳಿಸ್ಬುಟ್ಯಲ್ಲ."

ಮೆಚ್ಚಿಕೆಯೆಲ್ಲ ತನಗೇ ಸಲ್ಲುತ್ತಿದ್ದಾಗ ಅದು ಬೇಡ ಎಂದು ಜಗಳಕ್ಕೆ ನಿಂತ ಗಾಯಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಳಿಸದ ಮೂಲ ಮುದ್ರಿಕೆಯನ್ನು ತೆಗೆದೆ. ಪುಣ್ಯಕ್ಕೆ, ಪಡಸಾಲೆಯ ಮಾರ್ದನಿ ಹಿಡಿಯಲೆಂದು ಹಾಡುವವರ ಬೆನ್ನ ಹಿಂದೆ ಎರಡು ಸಣ್ಣ ಮೈಕು ಇಟ್ಟಿದ್ದೆ. ಎಡಗಡೆಯದರಲ್ಲಿ ಅಜ್ಜಿ ಸಿಕ್ಕಿದರು. ಒಂದೊಂದು ಸಾಲಿಗೂ, ಒಂದಾದರೂ ತಪ್ಪದಂತೆ, ಸರಿಯಾದ ಹೊತ್ತಿಗೆ ಒಂದು ಪದ. ಮುಕ್ಕಾಲು ಗಂಟೆಯ ಹಾಡುಗಳಲ್ಲಿ ಒಂದು ಸಾರಿಯೂ ತಡವರಿಸಿರಲಿಲ್ಲ. ನನ್ನ ಯಾವ ಯಂತ್ರವೂ ಅಷ್ಟು ಕರಾರುವಾಕ್ಕಾಗಿ ತಾಳ ಹಿಡಿದದ್ದಿಲ್ಲ.

ಟೀ ತಂದ ಅಪ್ಪ ವಿಷಯ ತಿಳಿದು, "ಅಜ್ಜಿ ದನೀನ ಜೋರು ಮಾಡ್ಬುಡಮ್ಮಿ, ಅದ್ಕೇನಂತೆ" ಎಂದ. ನನಗೂ ಮೊದಲು ಹೊಳೆದದ್ದು ಅದೇ. ಜೋರು ಮಾಡಿದೆ. ಪಿಸುಮಾತು ಹೋಗಿ ಬುಸ್ ಎನ್ನುವ ಗಾಳಿ ಬಂತು. ಅಪ್ಪನ ಮೇಲೆ ರೇಗಿದೆ, ಟೀ ಆರಿಹೋಯಿತು, ಗಂಟೆ ನಾಲ್ಕಾಯಿತು.

ಆಮೇಲೆ ಬುದ್ಧಿ ಬಂತು. ಅಜ್ಜಿಯನ್ನು ಏರಿಸುವುದಲ್ಲ, ಉಳಿದವರನ್ನು ಇಳಿಸುವುದು. ಭತ್ತ ಅಳೆಯುವಾಗ ಸೇರಿನ ಬಾಯಿಗೆ ಕೈ ಎಳೆದಂತೆ ಎಲ್ಲವನ್ನೂ ಒಂದೇ ಮಟ್ಟ ಮಾಡಿದ್ದೆನಲ್ಲ, ಅದನ್ನೆಲ್ಲ ಬಿಚ್ಚಿದೆ. ಹೆಂಗಸರನ್ನು ಸ್ಟೇಜಿನಿಂದ ಇಳಿಸಿ, ಪಡಸಾಲೆಯಲ್ಲಿ ಕೂತಿದ್ದಂತೆ ಸುತ್ತ ಕೂರಿಸಿದೆ. ಸೊಸೆಯ ದನಿಯನ್ನು ಕುರ್ಚಿಗೆ ತೀರ ಹತ್ತಿರ ತಂದೆ. ಅಜ್ಜಿಯನ್ನು ಅವರ ಜಾಗದಲ್ಲೇ ಇಟ್ಟೆ, ಕುರ್ಚಿಯಲ್ಲಿ ಕೂತು ಕೇಳುವವರ ಎಡಭುಜದ ಹಿಂದೆ. ಸಾಲು ಮುಗಿಯುವಲ್ಲಿ ಹಾಡು ತಾನೇ ತಗ್ಗುತ್ತಿತ್ತು, ಆ ತಗ್ಗಿನಲ್ಲಿ ಪಿಸುಮಾತು ಸ್ಪಷ್ಟವಾಗಿ ಕೇಳಿಸಿತು. ಮೀಟರು ನೋಡಿದರೆ ಮೈನಸ್ ಹದಿನೆಂಟು. ಬೆಳಗಿನಿಂದ ನಾನು ಶಪಿಸುತ್ತಿದ್ದ ಆ ಮಿತಿಯೇ ಅಜ್ಜಿಗೆ ಜಾಗ ಮಾಡಿಕೊಟ್ಟಿತ್ತು.

ಕಳಿಸಬೇಕಾದ ಕಡತಗಳು ಮೂರು. ಯಾರ ದನಿ ಎಲ್ಲಿರಬೇಕೆಂಬ ವಿವರವಿರುವ ಮುಖ್ಯ ಕಡತ, ಹೆಡ್‌ಫೋನಿನವರಿಗೊಂದು, ಎರಡೇ ಸ್ಪೀಕರಿನವರಿಗೊಂದು. ಜೊತೆಗೆ ಹೆಸರುಗಳ ಪಟ್ಟಿ. ಅದರಲ್ಲಿ ಮುಖ್ಯ ಗಾಯಕಿ, ಸಹಗಾಯಕಿಯರು, ವಾದ್ಯ ಎಂದು ಮೂರೇ ಕಾಲಮುಗಳಿದ್ದವು. ಕಂಪನಿಯವರು ಕೇಳಿದರೆ ನೋಡಿಕೊಳ್ಳೋಣವೆಂದು ನಾಲ್ಕನೆಯದನ್ನು ನಾನೇ ಸೇರಿಸಿದೆ. ಹಾಡು ಎತ್ತಿಕೊಟ್ಟವರು ಎಂದು ಬರೆದು ಅಜ್ಜಿಯ ಹೆಸರು ಹಾಕಿದೆ.

ಕಳಿಸುವ ಮುಂಚೆ ಕೊನೆಗೊಮ್ಮೆ ಕೇಳಲೇಬೇಕು. ಅಜ್ಜಿಯನ್ನೇ ಮತ್ತೆ ಕುರ್ಚಿಯಲ್ಲಿ ಕೂರಿಸಿದೆ. ಮೊದಲ ಸಾಲು ಮುಗಿಯುತ್ತಿದ್ದಂತೆ ಹಿಂದಿನಿಂದ ಪಿಸುಮಾತು ಬಂತು. ಅಜ್ಜಿ ತಟ್ಟನೆ ಎಡಕ್ಕೆ ತಿರುಗಿ ನೋಡಿದರು. ಅಲ್ಲಿ ಅಪ್ಪನ ಸ್ಟ್ಯಾಂಡಿನ ಮೇಲೊಂದು ಸ್ಪೀಕರು, ಅಷ್ಟೆ. ಸ್ವಲ್ಪ ಹೊತ್ತು ಅದನ್ನೇ ನೋಡಿ ಮುಂದಕ್ಕೆ ತಿರುಗಿಕೊಂಡರು. ಎರಡನೆಯ ಸಾಲಿಗೆ ಮತ್ತೆ ಪಿಸುಮಾತು ಬಂದಾಗ ಅವರ ತುಟಿ ಅಲುಗಿತು. ಮೂರನೆಯದಕ್ಕೆ ಬಾಯಿ ತೆರೆದು ಇಡೀ ಸಾಲನ್ನು ಹಾಡಿದರು. ದನಿ ಬರಲಿಲ್ಲ, ಬರೀ ಉಸಿರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಅಜ್ಜಿ ಕೊನೆಯ ಸಾಲಿನವರೆಗೂ ಹಾಡಿದರು.

ಆರಕ್ಕೆ ಹತ್ತು ನಿಮಿಷವಿರುವಾಗ ಕಡತಗಳು ಹೋದವು. ಅಜ್ಜಿ ಇನ್ನೂ ಕುರ್ಚಿಯಲ್ಲೇ ಇದ್ದರು. ಹತ್ತಿರ ಹೋಗಿ ಬಗ್ಗಿದೆ.

"ಎತ್ಕೊಟ್ರೆ ಹಾಡೋದು ಸುಲಬ ಕಣವ್ವ" ಎಂದರು. "ನಂಗೆ ಇಷ್ಟು ವರ್ಸ ಯಾರೂ ಎತ್ಕೊಟ್ಟಿರ್ನಿಲ್ಲ."